ಐದಡಿ ತಂತಿಗೆ ಹದಿನೆಂಟು ಸಾವಿರ

ಈ ಸಲದ ಪತ್ರಗಳಲ್ಲಿ ಆಂಪ್ಲಿಫೈಯರ್‌ಗಿಂತ ಅದರ ಪವರ್ ಕಾರ್ಡ್‌ನದ್ದೇ ಹೆಚ್ಚು ವಿಚಾರಣೆ. ಒಂದಕ್ಕೊಂದು ಹೊಂದುವ ಪ್ರಶ್ನೆಗಳನ್ನು ಒಟ್ಟಿಗೆ ಹಾಕಿದ್ದೇವೆ.

ಪ್ರಶ್ನೆ: 60 ವಾಟ್‌ನ ಸ್ಟೀರಿಯೊ ಆಂಪ್ಲಿಫೈಯರ್, ಎರಡು ಪುಟ್ಟ ಸ್ಪೀಕರ್ ಇವೆ. ಜೊತೆಗೆ ಬಂದ ಕರಿ ಕಾರ್ಡ್ ತೆಗೆದು 18,000 ರೂಪಾಯಿಯ ಕೇಬಲ್ ಹಾಕಿದರೆ ತಂಬೂರಿಯ ನಾದ ಬಿಡಿಬಿಡಿಯಾಗಿ ಕೇಳುತ್ತದೆ ಎನ್ನುತ್ತಾರೆ ಅಂಗಡಿಯವರು. ನಿಜವೇ? (ದಾವಣಗೆರೆ)

ಉತ್ತರ: ಇಲ್ಲ. ಲೆಕ್ಕ ಹಾಕಿಯೇ ನೋಡೋಣ.

ಜೊತೆಗೆ ಬಂದ ಕಾರ್ಡ್ ಸಾಮಾನ್ಯವಾಗಿ 0.75 ಸ್ಕ್ವೇರ್ ಎಂಎಂ ತಾಮ್ರದ್ದು. ಇದರ ರೋಧ, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ, ಮೀಟರ್‌ಗೆ ಸುಮಾರು 0.026 ಓಮ್. ಒಂದೂವರೆ ಮೀಟರ್ ಕಾರ್ಡ್ ಎಂದರೆ ಹೋಗುವ ತಂತಿ, ಬರುವ ತಂತಿ ಸೇರಿ ಮೂರು ಮೀಟರ್, ಅಂದರೆ 0.078 ಓಮ್. ಆಂಪ್ಲಿಫೈಯರ್ 1 ಆಂಪಿಯರ್ ಎಳೆದರೆ (ಪಕ್ಕದ ಮನೆಯವರು ಬಾಗಿಲು ತಟ್ಟುವಷ್ಟು ಜೋರಿದ್ದಾಗಿನ ಮಾತು ಇದು) ಕಾರ್ಡ್‌ನಲ್ಲಿ ಕಳೆದುಹೋಗುವುದು 0.078 ವೋಲ್ಟ್. 2.5 ಸ್ಕ್ವೇರ್ ಎಂಎಂನ ಹೆಬ್ಬೆರಳು ಗಾತ್ರದ ಕೇಬಲ್ ಹಾಕಿದರೆ 0.024 ವೋಲ್ಟ್. ಹದಿನೆಂಟು ಸಾವಿರಕ್ಕೆ ಸಿಕ್ಕ ಉಳಿತಾಯ 230 ವೋಲ್ಟ್‌ನಲ್ಲಿ 0.054 ವೋಲ್ಟ್. ಓಣಿಯಲ್ಲಿ ಯಾರಾದರೂ ಬೋರ್‌ವೆಲ್ ಮೋಟಾರ್ ಹಾಕಿದರೆ ಐದು ವೋಲ್ಟ್ ಇಳಿಯುವುದುಂಟು. ಆಗಲೂ ತಂಬೂರಿ ಬದಲಾಗಿದ್ದು ನಿಮಗೆ ಕೇಳಿರಲಿಕ್ಕಿಲ್ಲ.

ಬಲ್ಲವರು ಇಲ್ಲೊಂದು ತಕರಾರು ಎತ್ತಬಹುದು: ಆಂಪ್ಲಿಫೈಯರ್ ಕರೆಂಟನ್ನು ಸಮನಾಗಿ ಎಳೆಯುವುದಿಲ್ಲ, ಸೆಕೆಂಡಿಗೆ ನೂರು ಸಲ ಗುಟುಕು ಗುಟುಕಾಗಿ ಎಳೆಯುತ್ತದೆ, ಗುಟುಕಿನ ತುದಿಯಲ್ಲಿ ಕರೆಂಟು ಮೂರು ನಾಲ್ಕು ಪಟ್ಟು ಇರುತ್ತದೆ ಎಂದು. ನಿಜ. ನಾಲ್ಕು ಪಟ್ಟು ಎಂದೇ ಇಟ್ಟುಕೊಂಡರೂ ಮಾಮೂಲಿ ಕಾರ್ಡ್‌ನಲ್ಲಿ ಹೋಗುವುದು 0.3 ವೋಲ್ಟ್. ಅಲ್ಲದೆ ಮೇನ್ ಬೋರ್ಡ್‌ನಿಂದ ನಿಮ್ಮ ಸಾಕೆಟ್‌ವರೆಗೆ ಗೋಡೆಯೊಳಗೆ ಬಂದಿರುವ ತಂತಿ 1.5 ಸ್ಕ್ವೇರ್ ಎಂಎಂನದು, ದೂರ 15 ಮೀಟರ್ ಎಂದುಕೊಳ್ಳಿ. ಅದರ ರೋಧವೇ 0.36 ಓಮ್, ಕಾರ್ಡ್‌ನ ನಾಲ್ಕೂವರೆ ಪಟ್ಟಿಗೂ ಮೇಲೆ. ಅದನ್ನು ಹಾಗೇ ಬಿಟ್ಟು ಕೊನೆಯ ಐದಡಿಗೆ ಬೆಳ್ಳಿ ಲೇಪ ಮಾಡಿಸಿ ಏನು ಬಂತು?

ಇಷ್ಟೂ ದಾಟಿ ಬಂದ ಕರೆಂಟು ನೇರ ಸ್ಪೀಕರ್‌ಗೆ ಹೋಗುವುದೂ ಇಲ್ಲ. ಟ್ರಾನ್ಸ್‌ಫಾರ್ಮರ್‌ನಲ್ಲಿ ಇಳಿದು, ಡಯೋಡ್‌ಗಳಲ್ಲಿ ಡಿಸಿ ಆಗಿ, ಹತ್ತು ಸಾವಿರ ಮೈಕ್ರೊಫ್ಯಾರಡ್‌ನಂಥ ದೊಡ್ಡ ಕೆಪಾಸಿಟರ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಆಂಪ್ಲಿಫೈಯರ್ ಅಲ್ಲಿಂದ ತೋಡಿಕೊಳ್ಳುತ್ತದೆ. ಮೇಲಿನ ಟ್ಯಾಂಕಿಗೆ ನೀರು ಯಾವ ಪೈಪಿನಲ್ಲಿ ಏರಿತೆಂದು ಬಚ್ಚಲ ನಲ್ಲಿಗೆ ಗೊತ್ತಾಗುವುದಿಲ್ಲ.

ಕಾರ್ಡ್ ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಆಂಪ್ಲಿಫೈಯರ್ ಹಿಂದಿನ ಮೂರು ಪಟ್ಟಿಯ ಗೂಡಿನಲ್ಲಿ ಕಾರ್ಡ್‌ನ ತಲೆ ಅಲುಗಾಡಿದರೆ, ಅಲುಗಿದಾಗ ಚಟಚಟ ಸದ್ದು ಬಂದರೆ, ಅರ್ಧ ಗಂಟೆ ಹಾಡಿದ ಮೇಲೆ ಪ್ಲಗ್ ಬಿಸಿಯಾಗಿದ್ದರೆ ಅದನ್ನು ಎಸೆಯಿರಿ. ಕೆರೆದು ನೋಡಿದಾಗ ತಂತಿ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅದೂ ಬೇಡ. ಐಎಸ್‌ಐ ಗುರುತಿನ, 1 ಸ್ಕ್ವೇರ್ ಎಂಎಂ, ಮೂರು ಕೋರ್‌ನ ಕಾರ್ಡ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಅಷ್ಟು ಸಾಕು. ಅನೇಕ ಸಲ ದೋಷ ಕಾರ್ಡ್‌ನದಲ್ಲ, ಗೋಡೆಯ ಸಾಕೆಟ್‌ನದು. ಒಳಗಿನ ಹಿತ್ತಾಳೆ ಪಟ್ಟಿ ಸಡಿಲಾಗಿ ಪ್ಲಗ್ ತನ್ನ ಭಾರಕ್ಕೇ ಜಾರುತ್ತಿದ್ದರೆ ಸಾಕೆಟ್ ಬದಲಿಸಿ.

ಪ್ರಶ್ನೆ: ಜರ್ಮನಿಯಲ್ಲಿರುವ ತಮ್ಮ ದಪ್ಪ ಪವರ್ ಕೇಬಲ್ ಕಳಿಸಿದ್ದಾನೆ. ದುಂಡು ಪ್ಲಗ್, ನಮ್ಮ ಸಾಕೆಟ್‌ಗೂ ಕೂರುತ್ತದೆ. ಹಾಕಿದಾಗಿನಿಂದ ಆಂಪ್ಲಿಫೈಯರ್‌ನ ಲೋಹದ ಮೈ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. (ಮಂಗಳೂರು)

ಉತ್ತರ: ಇವತ್ತೇ ಕಿತ್ತಿಡಿ. ಆ ಪ್ಲಗ್‌ನಲ್ಲಿ ಅರ್ತ್‌ಗೆ ಮೂರನೇ ಪಿನ್ ಇಲ್ಲ, ಬದಿಗಳಲ್ಲಿ ಎರಡು ಲೋಹದ ಪಟ್ಟಿಗಳಿವೆ. ಜರ್ಮನ್ ಸಾಕೆಟ್‌ನಲ್ಲಿ ಅವಕ್ಕೆ ಜೋಡಿ ಸಿಗುತ್ತದೆ, ನಮ್ಮದರಲ್ಲಿ ಇಲ್ಲ. ಜೊತೆಗೆ ಅದರ ಪಿನ್ 4.8 ಮಿಲಿಮೀಟರ್, ನಮ್ಮ 6 ಆಂಪ್ ಪ್ಲಗ್‌ನದು 5.1. ಕೂತಂತೆ ಕಂಡರೂ ಹಿಡಿತ ಇರುವುದಿಲ್ಲ.

ಜುಮ್ಮೆನ್ನಲು ಕಾರಣ ಒಳಗಿನ ಫಿಲ್ಟರ್. ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಆಂಪ್ಲಿಫೈಯರ್‌ನ ಮೈಗೆ ಸೇರಿರುತ್ತವೆ. ಅರ್ತ್ ಇದ್ದರೆ ಸೋರಿದ ಕರೆಂಟು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಮೈ ಮೇಲೆ ಪೂರ್ತಿ ವೋಲ್ಟೇಜಿನ ಅರ್ಧದಷ್ಟು, ನೂರರ ಆಸುಪಾಸು, ನಿಂತುಬಿಡುತ್ತದೆ. ಕರೆಂಟು ಅತ್ಯಲ್ಪವಾದ್ದರಿಂದ ಬರೀ ಜುಮ್ಮೆನ್ನುತ್ತದೆ. ಒಳಗೆ ಫೇಸ್ ತಂತಿಯೇ ಕಳಚಿ ಮೈಗೆ ತಾಗಿದ ದಿನ ಜುಮ್ಮೆನ್ನುವುದಕ್ಕೆ ನಿಲ್ಲುವುದಿಲ್ಲ.

ನಮ್ಮ ಮೂರು ಪಿನ್ ಕಾರ್ಡ್ ಹಾಕಿದ ಮೇಲೂ ಜುಮ್ಮೆಂದರೆ ಸಾಕೆಟ್‌ನಲ್ಲೇ ಅರ್ತ್ ಇಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರ್‌ನಲ್ಲಿ ಅಳೆಸಿ: ಫೇಸ್‌–ನ್ಯೂಟ್ರಲ್ 230ರ ಹತ್ತಿರ, ಫೇಸ್‌–ಅರ್ತ್ ಕೂಡ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್‌–ಅರ್ತ್ ಎರಡು ಮೂರು ವೋಲ್ಟ್ ಒಳಗೆ ಇರಬೇಕು. ಫೇಸ್‌–ಅರ್ತ್ 140 ಎಂದೋ 90 ಎಂದೋ ತೋರಿಸಿದರೆ ಅರ್ತ್ ತಂತಿ ಎಲ್ಲೋ ಕಡಿದಿದೆ.

ಪ್ರಶ್ನೆ: ಸೆಟ್‌ಟಾಪ್ ಬಾಕ್ಸ್ ಜೋಡಿಸಿದರೆ ಸ್ಪೀಕರ್‌ನಲ್ಲಿ ಗುಂಯ್ ಎನ್ನುತ್ತದೆ. ಪ್ಲಗ್‌ನ ಅರ್ತ್ ಪಿನ್ ಕತ್ತರಿಸಿದರೆ ಸರಿಹೋಗುತ್ತದಂತೆ. (ಹಾಸನ)

ಉತ್ತರ: ಸದ್ದು ಹೋಗುತ್ತದೆ. ಕೊನೆಗೆ ಯಾರಾದರೂ ಮನುಷ್ಯರೂ ಹೋಗಬಹುದು. ಆ ಪಿನ್ ಮುಟ್ಟಬೇಡಿ.

ಇದು ಅರ್ತ್ ಲೂಪ್. ಕೇಬಲ್ ಟಿವಿಯ ತಂತಿ ಬೇರೆಲ್ಲೋ ನೆಲಕ್ಕೆ ಸೇರಿದೆ, ಆಂಪ್ಲಿಫೈಯರ್ ನಿಮ್ಮ ಮನೆಯ ಅರ್ತ್‌ಗೆ ಸೇರಿದೆ. ಎರಡರ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸದಿಂದ ಆಡಿಯೊ ತಂತಿಯ ಹೊರಜಾಲರಿಯಲ್ಲಿ 50 ಹರ್ಟ್ಸ್ ಕರೆಂಟು ಹರಿದು ಸಂಗೀತದ ಜೊತೆ ಸೇರಿಕೊಳ್ಳುತ್ತದೆ. ಎಷ್ಟು ದುಬಾರಿ ಪವರ್ ಕೇಬಲ್ ಹಾಕಿದರೂ ಇದು ಹೋಗದು.

ಮೊದಲು ಆಂಪ್ಲಿಫೈಯರ್‌ನ ಹಿಂದಿನ ಎಲ್ಲ ಆಡಿಯೊ ತಂತಿಗಳನ್ನೂ ಕಳಚಿ. ಆಗಲೂ ಗುಂಯ್ ಎಂದರೆ ದೋಷ ಆಂಪ್ಲಿಫೈಯರ್‌ನೊಳಗೆ, ಹೆಚ್ಚಾಗಿ ಒಣಗಿದ ಕೆಪಾಸಿಟರ್. ಸುಮ್ಮನಾದರೆ ಒಂದೊಂದೇ ಜೋಡಿಸುತ್ತ ಬನ್ನಿ. ಸೆಟ್‌ಟಾಪ್ ಬಾಕ್ಸ್ ಜೋಡಿಸಿದಾಗ ಸದ್ದು ಬಂದರೆ ಬಾಕ್ಸ್‌ನ ಹಿಂದೆ ತಿರುಪಿ ಕೂರಿಸಿದ ಕೇಬಲ್ ಬಿಚ್ಚಿ ನೋಡಿ. ಸದ್ದು ತಟ್ಟನೆ ನಿಂತರೆ ಕಳ್ಳ ಸಿಕ್ಕಂತೆ. ಎರಡೂ ಕಡೆ ಆಪ್ಟಿಕಲ್ ಗೂಡಿದ್ದರೆ ಆಪ್ಟಿಕಲ್ ತಂತಿಯಲ್ಲಿ ಜೋಡಿಸಿ. ಬೆಳಕಿನಲ್ಲಿ ಹೋಗುವ ಸಂಕೇತಕ್ಕೆ ಅರ್ತ್ ಹಂಗಿಲ್ಲ. ಇಲ್ಲದಿದ್ದರೆ ಆಡಿಯೊ ತಂತಿಯ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ತಂತಿಗೆ ತಂತಿ ತಾಗದಂತೆ ಸಂಕೇತವನ್ನಷ್ಟೇ ದಾಟಿಸುವಂಥದ್ದು) ಹಾಕಿ. ತೀರಾ ಅಗ್ಗದ್ದರಲ್ಲಿ ಕೆಳಸ್ವರ ತೆಳುವಾಗುತ್ತದೆ, ಟಿವಿಗೆ ನಡೆಯುತ್ತದೆ.

ಪವರ್ ಕಾರ್ಡ್ ಮತ್ತು ಆಡಿಯೊ ತಂತಿಯನ್ನು ಒಟ್ಟಿಗೆ ಕಟ್ಟಿ ಅಂದವಾಗಿ ಇಟ್ಟಿದ್ದರೆ ಆ ಅಂದವೂ ಗುಂಯ್ ಎನ್ನುತ್ತದೆ. ಒಂದಡಿ ದೂರ ಇಡಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ. ಟರ್ನ್‌ಟೇಬಲ್‌ನ ತಂತಿಗೆ ಇದು ಬಹಳ ಮುಖ್ಯ, ಅಲ್ಲಿ ಹರಿಯುವುದು ಕೆಲವೇ ಮಿಲಿವೋಲ್ಟ್.

ಪ್ರಶ್ನೆ: ಕರೆಂಟು ಹೋಗಿ ಇನ್‌ವರ್ಟರ್‌ಗೆ ಬಂದ ಕೂಡಲೇ ಆಂಪ್ಲಿಫೈಯರ್ ಡಬ್ಬವೇ ಗುರ್ ಎನ್ನುತ್ತದೆ. (ಶಿರಸಿ)

ಉತ್ತರ: ನಿಮ್ಮದು ಸ್ಕ್ವೇರ್ ವೇವ್ ಇನ್‌ವರ್ಟರ್. ಅದರ ಚೌಕ ಅಲೆಯಲ್ಲಿ 50ರ ಜೊತೆ 150, 250, 350 ಹರ್ಟ್ಸ್‌ಗಳೂ ಇರುತ್ತವೆ, ಟ್ರಾನ್ಸ್‌ಫಾರ್ಮರ್‌ನ ತಗಡುಗಳು ಅದಕ್ಕೆ ಅದುರುತ್ತವೆ. ಮದ್ದು, ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್‌ವರ್ಟರ್. ಕೇಬಲ್ ಅಲ್ಲ.

ಪ್ರಶ್ನೆ: ಲೆಕ್ಕ ಏನೇ ಹೇಳಲಿ, ಕೇಬಲ್ ಬದಲಿಸಿದ ಮೇಲೆ ನನಗೆ ವ್ಯತ್ಯಾಸ ಕೇಳಿಸುತ್ತಿದೆ. ನನ್ನ ಕಿವಿ ಸುಳ್ಳೇ? (ಮೈಸೂರು)

ಉತ್ತರ: ಕಿವಿ ಸುಳ್ಳಲ್ಲ. ಆದರೆ ಕೇಬಲ್ ಯಾವುದೆಂದು ಕಣ್ಣು ಅದಕ್ಕೆ ಮೊದಲೇ ಹೇಳಿಬಿಟ್ಟಿರುತ್ತದೆ. ವಾಲ್ಯೂಮ್ ಗುಂಡಿಗೆ ಟೇಪ್ ಅಂಟಿಸಿ, ಒಂದೇ ಹಾಡಿನ ಅರ್ಧ ನಿಮಿಷ ಆರಿಸಿಕೊಳ್ಳಿ. ನೀವು ಹೊರಗೆ ಹೋಗಿ. ಮನೆಯವರೊಬ್ಬರು ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಹಳೆಯದೋ ಹೊಸದೋ ಕಾರ್ಡ್ ಹಾಕಿ, ಹಿಂಬದಿಗೆ ಬಟ್ಟೆ ಮುಚ್ಚಿ, ಚೀಟಿಯಲ್ಲಿ ಬರೆದಿಟ್ಟುಕೊಂಡು ಆಚೆ ಹೋಗಲಿ. ಅವರ ಮುಖವೂ ನಿಮಗೆ ಕಾಣಬಾರದು. ಹೀಗೆ ಹತ್ತು ಸಲ. ಬರೀ ಊಹೆಯಲ್ಲೇ ಹತ್ತರಲ್ಲಿ ಒಂಬತ್ತೋ ಹತ್ತೋ ಸರಿಯಾಗುವ ಸಂಭವ 1024ರಲ್ಲಿ 11 ಮಾತ್ರ. ಒಂಬತ್ತು ಬಂದರೆ ನಮಗೆ ಬರೆಯಿರಿ, ನಿಮ್ಮ ಹಳೆಯ ಕಾರ್ಡ್‌ನಲ್ಲಿ ಏನು ಕೆಟ್ಟಿದೆ ಎಂದು ಹುಡುಕೋಣ. ಆರು ಬಂದರೆ ಕೇಬಲ್ ವಾಪಸ್ ಕೊಟ್ಟುಬಿಡಿ.

ಪ್ರಶ್ನೆ: ಹಾಗಾದರೆ ಆ ಹಣವನ್ನು ಎಲ್ಲಿ ಹಾಕಲಿ? (ತುಮಕೂರು)

ಉತ್ತರ: ಮೊದಲು ಸ್ಪೀಕರ್ ತಂತಿ ನೋಡಿ. 0.5 ಸ್ಕ್ವೇರ್ ಎಂಎಂನ ಸಪೂರ ತಂತಿ ಐದು ಮೀಟರ್ ಎಳೆದಿದ್ದರೆ ಅದರ ರೋಧ 0.39 ಓಮ್. 230 ವೋಲ್ಟ್ ಎದುರು ಇದು ಲೆಕ್ಕಕ್ಕಿಲ್ಲ, 8 ಓಮ್ ಸ್ಪೀಕರ್ ಎದುರು ಶೇ 5ರಷ್ಟು. 2.5 ಸ್ಕ್ವೇರ್ ಎಂಎಂ ತಾಮ್ರ ಹಾಕಿದರೆ 0.08ಕ್ಕೆ ಇಳಿಯುತ್ತದೆ. ಉಳಿದ ಹಣ ಕೋಣೆಗೆ. 12 ಅಡಿ ಉದ್ದದ ಬರೀ ಗೋಡೆಯ ಕೋಣೆ 47 ಹರ್ಟ್ಸ್‌ಗೂ ಅದರ ಇಮ್ಮಡಿಗೂ ಅನುರಣಿಸುತ್ತದೆ, ಮೃದಂಗದ ತೊಪ್ಪಿಯ ಪೆಟ್ಟು ಗುಮ್ಮೆಂದು ಅಲ್ಲೇ ಉಳಿದುಬಿಡುತ್ತದೆ. ಸ್ಪೀಕರ್‌ಗಳನ್ನು ಮೂಲೆಯಿಂದ ಬಿಡಿಸಿ, ಗೋಡೆಯಿಂದ ಒಂದೂವರೆ ಅಡಿ ಮುಂದೆ ತನ್ನಿ. ಇದಕ್ಕೆ ಖರ್ಚೇ ಇಲ್ಲ. ಆಮೇಲೆ ದಪ್ಪ ಪರದೆ, ಜಮಖಾನ, ಪುಸ್ತಕ ತುಂಬಿದ ಕಪಾಟು.

ಪ್ರಶ್ನೆ: ನನ್ನ ಪವರ್ ಕೇಬಲ್ ಮೇಲೆ ಬಾಣದ ಗುರುತಿದೆ. ಯಾವ ದಿಕ್ಕಿಗೆ ಹಾಕಬೇಕು? (ಹುಬ್ಬಳ್ಳಿ)

ಉತ್ತರ: ಕರೆಂಟು ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತದೆ, ಬಾಣ ಓದುವಷ್ಟು ಪುರುಸೊತ್ತು ಅದಕ್ಕಿಲ್ಲ. ನಿಮಗಾದರೂ ಆಯ್ಕೆ ಎಲ್ಲಿದೆ? ಒಂದು ತುದಿ ಗೋಡೆಗೆ ಮಾತ್ರ ಕೂರುತ್ತದೆ, ಇನ್ನೊಂದು ಆಂಪ್ಲಿಫೈಯರ್‌ಗೆ ಮಾತ್ರ.