150-600 ಜೂಮ್ ಲೆನ್ಸ್ ಇರುವಾಗ ಕಾಲರ್ ಬಿಚ್ಚಿಟ್ಟು ಕ್ಯಾಮೆರಾವನ್ನೇ ಟ್ರೈಪಾಡ್‌ಗೆ ಕೂರಿಸಬಹುದೇ?

ನೀವು ಬೀದರ್‌ನವರು. ಕೃಷ್ಣಮೃಗಗಳ ಚಿತ್ರ ತೆಗೆಯಲೆಂದು 150-600 ಮಿ.ಮೀ. ಲೆನ್ಸ್ ಕೊಂಡಿದ್ದೀರಿ. ಅದರ ಹೊಟ್ಟೆಗೆ ಸುತ್ತಿಕೊಂಡು, ಕೆಳಗಿನ ಪಾದದಿಂದ ಟ್ರೈಪಾಡ್‌ಗೆ ಕೂರುವ ಬಳೆಯಂಥ ಕಾಲರ್ ಭಾರವೆನಿಸಿ, ಬಿಚ್ಚಿಟ್ಟರೆ ನಷ್ಟವೇನು ಎಂದು ಕೇಳಿದ್ದೀರಿ. ದಯವಿಟ್ಟು ಬಿಚ್ಚಬೇಡಿ. ನಾನು ಕಲಬುರಗಿಯವನು, ಅದೇ ಬುದ್ಧಿವಂತಿಕೆ ತೋರಿಸಿ ಒಂದು ಇಡೀ ಬೆಳಗನ್ನು ಕಳೆದುಕೊಂಡವನು.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಬೋನಾಳ ಕೆರೆ ಇದೆ, ಪಕ್ಷಿಧಾಮ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಜಾಗ. ಚೀಲ ಹಗುರವಾಗಲಿ ಎಂದು ಕಾಲರನ್ನು ಮನೆಯ ಕಪಾಟಿನಲ್ಲಿಟ್ಟು ಹೋಗಿದ್ದೆ. ದಂಡೆಯ ಮೇಲೆ ಟ್ರೈಪಾಡ್ ನಿಲ್ಲಿಸಿ, ಕ್ಯಾಮೆರಾದ ತಳವನ್ನು ಅದಕ್ಕೆ ಸಿಕ್ಕಿಸಿ, ಹೆಬ್ಬಾತನ್ನು ಚೌಕಟ್ಟಿನ ನಡುವೆ ತಂದು ತಿರುಪು ಬಿಗಿ ಮಾಡಿದೆ. ಕೈ ಬಿಟ್ಟ ತಕ್ಷಣ ಲೆನ್ಸ್ ತುಸು ಬಾಗಿತು, ಹಕ್ಕಿ ಮೇಲಂಚಿಗೆ ಸರಿಯಿತು. ಮತ್ತೆ ಸಡಿಲಿಸಿದೆ, ಬೇಕಾದ್ದಕ್ಕಿಂತ ಮೇಲಕ್ಕೆ ಎತ್ತಿ ಬಿಗಿದೆ. ಈ ಸಲ ಅಷ್ಟು ಬಾಗಲಿಲ್ಲ! ಈ ಆಟ ಮುಗಿಯುವ ಮೊದಲೇ ಹೆಬ್ಬಾತುಗಳು ಎದ್ದು ಹೋದವು.

ಕಾರಣ ಸರಳ. ಇಂಥ ಲೆನ್ಸ್ ಸುಮಾರು ಎರಡು ಕಿಲೋ ತೂಗುತ್ತದೆ, ಕ್ಯಾಮೆರಾ ಅದರ ಅರ್ಧವೂ ಇರುವುದಿಲ್ಲ. ಕ್ಯಾಮೆರಾದ ತಳದಲ್ಲಿ ಹಿಡಿದರೆ ಭಾರವೆಲ್ಲ ಮುಂದೆ ಜೋತುಬೀಳುತ್ತದೆ, ಮಣ್ಣು ತುಂಬಿದ ಸಲಿಕೆಯನ್ನು ಹಿಡಿಕೆಯ ತುದಿಯಲ್ಲಿ ಹಿಡಿದು ಎತ್ತಿದ ಹಾಗೆ. ಕಾಲರ್‌ನಲ್ಲಿ ಹಿಡಿದರೆ ಭಾರ ಹಿಂದೆ ಮುಂದೆ ಸಮವಾಗುತ್ತದೆ. ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರ್‌ನ) ಕ್ಯಾಮೆರಾದಲ್ಲಿ 600 ಮಿ.ಮೀ.ಗೆ ಕಾಣುವ ನೋಟದ ಎತ್ತರ ಕೇವಲ ಎರಡೂ ಕಾಲು ಡಿಗ್ರಿಯಷ್ಟು. ಅರ್ಧ ಡಿಗ್ರಿ ಬಾಗಿದರೂ ಚೌಕಟ್ಟಿನ ಐದನೆಯ ಒಂದು ಪಾಲು ಕೈತಪ್ಪಿತು. ಗಾಳಿಗೆ, ಶಟರ್ ಒತ್ತುವ ಬೆರಳಿಗೆ ಆ ಉದ್ದನೆಯ ಮೂತಿ ಅಲುಗುವುದು ಬೇರೆ. ಲೆನ್ಸ್ ಕ್ಯಾಮೆರಾಕ್ಕೆ ಸೇರುವ ಜಾಗ, ಅಂದರೆ ಮೌಂಟೇ ಕಿತ್ತುಬರುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಸುಮ್ಮನೆ ನಿಂತಿರುವಾಗ ಅಷ್ಟೇನೂ ಆಗದು. ಆದರೆ ಹಾಗೆಯೇ ಟ್ರೈಪಾಡ್ ಹೆಗಲಿಗೇರಿಸಿ ಹೊಲದ ಬದುಗಳನ್ನು ದಾಟಿದರೆ ಪ್ರತಿ ಹೆಜ್ಜೆಯ ಕುಲುಕೂ ಮೌಂಟ್‌ಗೇ ಬೀಳುತ್ತದೆ.

ಕಾಲರ್‌ನ ಇನ್ನೊಂದು ಉಪಕಾರವನ್ನು ನಾನು ಇನ್ನೂ ದೊಡ್ಡದೆಂದು ಎಣಿಸುತ್ತೇನೆ. ನಿಮ್ಮೂರಿನಲ್ಲೇ 1472ರ ಮಹಮೂದ್ ಗವಾನ್ ಮದರಸಾ ಇದೆಯಲ್ಲ, ಅದರ ಉಳಿದಿರುವ ಮಿನಾರಿನ ಬಣ್ಣದ ಹೆಂಚುಗಳನ್ನು ರಸ್ತೆಯಿಂದ ತೆಗೆಯುತ್ತೀರಿ ಎಂದುಕೊಳ್ಳಿ. ಚಿತ್ರ ಉದ್ದುದ್ದ ಬೇಕು. ಕಾಲರ್ ಇಲ್ಲದಿದ್ದರೆ ಟ್ರೈಪಾಡ್ ತಲೆಯನ್ನೇ ಪಕ್ಕಕ್ಕೆ ಮಲಗಿಸಬೇಕು, ಭಾರ ಒಂದು ಕಾಲಿನ ಕಡೆ ವಾಲುತ್ತದೆ, ಚೌಕಟ್ಟನ್ನು ಮೊದಲಿನಿಂದ ಹುಡುಕಬೇಕು. ಕಾಲರ್ ಇದ್ದರೆ ಅದರ ತಿರುಪನ್ನು ಸಡಿಲಿಸಿ ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿದರೆ ಮುಗಿಯಿತು, ಲೆನ್ಸ್ ನೋಡುತ್ತಿದ್ದ ಬಿಂದುವನ್ನೇ ನೋಡುತ್ತಿರುತ್ತದೆ. ಬಳೆಯ ಮೇಲಿನ ಗುರುತಿನ ಗೆರೆ ನೋಡಿಕೊಂಡು ನಿಲ್ಲಿಸಿ. (ಸ್ಮಾರಕದ ಆವರಣದೊಳಗೆ ಟ್ರೈಪಾಡ್ ಬಿಡಿಸುವ ಮೊದಲು ಅನುಮತಿ ಕೇಳಿಕೊಳ್ಳಿ.)

ಸಮತೋಲ ನೋಡುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ಕಾಲರ್‌ನ ಪಾದಕ್ಕೆ ಆರ್ಕಾ ಮಾದರಿಯ (ಟ್ರೈಪಾಡ್ ತಲೆಯ ಹಿಡಿತದೊಳಗೆ ಜಾರಿ ಕೂರುವ) ಉದ್ದನೆಯ ಪ್ಲೇಟ್ ಹಾಕಿ. ಕೆಲವು ಲೆನ್ಸ್‌ಗಳಲ್ಲಿ ಪಾದವೇ ಆ ಆಕಾರದಲ್ಲಿರುತ್ತದೆ, ಮೊದಲು ನೋಡಿಕೊಳ್ಳಿ. ಲೆನ್ಸ್ ಮೂತಿಗೆ ಬಿಸಿಲು ತಡೆಯುವ ಹುಡ್ ಹಾಕಿ, ನೀವು ಹೆಚ್ಚಾಗಿ ಬಳಸುವ ಜೂಮ್‌ಗೆ ಎಳೆಯಿರಿ. ಹಕ್ಕಿ, ಜಿಂಕೆಗೆಂದರೆ 600ಕ್ಕೇ. ಈ ಲೆನ್ಸ್‌ಗಳಲ್ಲಿ ಬಹುಪಾಲು ಜೂಮ್ ಮಾಡಿದಂತೆ ಉದ್ದವಾಗುವುದರಿಂದ 150ರಲ್ಲಿ ಸರಿಹೋದ ತೂಕ 600ರಲ್ಲಿ ಮುಂದಕ್ಕೆ ಬೀಳುತ್ತದೆ. ಒಂದು ಕೈಯಲ್ಲಿ ಲೆನ್ಸ್ ಆಧರಿಸಿಕೊಂಡೇ ತಲೆಯ ತಿರುಪು ಸಡಿಲಿಸಿ, ಪ್ಲೇಟನ್ನು ಹಿಂದೆ ಮುಂದೆ ಸರಿಸಿ. ಹಿಡಿತ ಹಗುರ ಮಾಡಿದಾಗ ಮೂತಿಯೂ ಬೀಳಬಾರದು, ಕ್ಯಾಮೆರಾವೂ ಕುಸಿಯಬಾರದು. ಆ ಜಾಗದಲ್ಲಿ ಪ್ಲೇಟಿನ ಮೇಲೆ ಗುರುತು ಮಾಡಿಕೊಳ್ಳಿ. ನಾನು ಉಗುರಿನ ಬಣ್ಣ ಹಚ್ಚಿದ್ದೇನೆ, ಮನೆಯವರಿಗೆ ತಿಳಿಸದೆ.

ಕೈಯಲ್ಲಿ ಹಿಡಿದು ತೆಗೆಯುವಾಗ ಪಾದ ಅಂಗೈಗೆ ಚುಚ್ಚುತ್ತಿದ್ದರೆ ಅದನ್ನು ಮೇಲಕ್ಕೆ ತಿರುಗಿಸಿಬಿಡಿ. ಆಗ ಅದು ಎತ್ತಿಕೊಂಡು ಓಡಾಡಲು ಒಳ್ಳೆಯ ಹಿಡಿಕೆಯೂ ಹೌದು. ಆದರೆ ಹಿಡಿದು ಎತ್ತುವ ಮುನ್ನ ಪ್ರತಿ ಸಲವೂ ಕಾಲರ್‌ನ ತಿರುಪನ್ನು ಮುಟ್ಟಿ ನೋಡಿ.

ಸಣ್ಣ ಜೂಮ್‌ಗಳ ಮಾತು ಬೇರೆ. ಮುಕ್ಕಾಲು ಕಿಲೋದೊಳಗಿನ 70-200 ಎಫ್4ನಂಥ ಲೆನ್ಸ್‌ಗೆ ಕ್ಯಾಮೆರಾವನ್ನೇ ಕೂರಿಸಿದರೂ ನಡೆಯುತ್ತದೆ. ಅದಕ್ಕೆಂದು ಅಗ್ಗದ ಕಾಲರ್ ಕೊಂಡು, ಒಳಸುತ್ತಳತೆ ಹೊಂದದೆ ಕಾಗದದ ಪಟ್ಟಿ ತುರುಕುವ ಫಜೀತಿ ಯಾರಿಗೂ ಬೇಡ.

ಇನ್ನೊಂದು ವಿಷಯ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ದೂರದ ಕೃಷ್ಣಮೃಗ ಮಸುಕಾಗಿ ಬಂದರೆ ಕಾಲರನ್ನೋ ಟ್ರೈಪಾಡನ್ನೋ ಬೈಯಬೇಡಿ. ಕಾದ ನೆಲದಿಂದ ಏಳುವ ಗಾಳಿಯ ಅಲೆ ಅದು. ಬಿಸಿಲೇರುವ ಮುಂಚೆ ಹೋಗಿ, ಅಥವಾ ಹತ್ತಿರ ಹೋಗುವ ದಾರಿ ನೋಡಿ.