ಕಪ್ಪು ತಾಯಂದಿರಿಗೆ ಅಂತಲೇ ಬೇರೆ ವಾರ ಯಾಕೆ?

ನಿಮ್ಮ ಆಫೀಸಿನಲ್ಲಿ 'ಬ್ಲ್ಯಾಕ್ ಮೆಟರ್ನಲ್ ಹೆಲ್ತ್ ವೀಕ್', ಅಂದರೆ ಕಪ್ಪು ತಾಯಂದಿರ ಆರೋಗ್ಯದ ವಾರದ ಕಾರ್ಯಕ್ರಮ ಇದೆ ಅಂತ ಹೇಳಿ ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆ ಇವೆ. ತಾಯಂದಿರ ದಿನ ಇದ್ದೇ ಇರುವಾಗ ಅಮೆರಿಕದಲ್ಲಿ ಕಪ್ಪು ತಾಯಂದಿರಿಗೆ ಅಂತ ಏಪ್ರಿಲ್‌ನಲ್ಲಿ ಇನ್ನೊಂದು ವಾರ ಯಾಕೆ? ಅವರು ಹೆರಿಗೆಯಲ್ಲಿ ಇಷ್ಟೊಂದು ಸಾಯುತ್ತಿದ್ದಾರೆ ಅಂದಮೇಲೆ ಅದರಲ್ಲಿ ಸಂಭ್ರಮ ಪಡುವುದು ಏನಿದೆ? ನಾನು ಅಟ್ಲಾಂಟಾದಲ್ಲಿ ಇರುವವಳು. ನನ್ನ ಎರಡೂ ಹೆರಿಗೆ ಇಲ್ಲೇ ಆದವು. 2018ರಲ್ಲಿ ಈ ವಾರವನ್ನು ಶುರು ಮಾಡಿದ ಬ್ಲ್ಯಾಕ್ ಮಾಮಾಸ್ ಮ್ಯಾಟರ್ ಅಲಯನ್ಸ್ ಕೂಡ ಇದೇ ಊರಿನ ಸಂಘಟನೆ. ಹಾಗಾಗಿ ನಾನು ಕಂಡಿದ್ದು, ತಿಳಿದಿದ್ದು ಹೇಳುತ್ತೇನೆ.

ಮೊದಲು ಲೆಕ್ಕ. 2023ರಲ್ಲಿ ಇಲ್ಲಿ 1 ಲಕ್ಷ ಹೆರಿಗೆಗೆ ಬಿಳಿಯ ತಾಯಂದಿರ ಸಾವು 14.5. ಕಪ್ಪು ತಾಯಂದಿರ ಸಾವು 50.3. ಅಂದರೆ ಮೂರು ಪಟ್ಟಿಗೂ ಜಾಸ್ತಿ.

ಬಡತನ, ಓದಿನ ಕೊರತೆ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಬಡತನದ ಪಾಲು ಇದೆ, ಆದರೆ ಅಷ್ಟರಿಂದ ಲೆಕ್ಕ ಸರಿಹೋಗುವುದಿಲ್ಲ. 2007ರಿಂದ 2016ರವರೆಗಿನ ಸರ್ಕಾರಿ ಅಂಕಿಅಂಶ ನೋಡಿದರೆ, ಕಾಲೇಜು ಡಿಗ್ರಿ ಇರುವ ಕಪ್ಪು ಹೆಂಗಸರು ಅಷ್ಟೇ ಓದಿದ ಬಿಳಿಯ ಹೆಂಗಸರಿಗಿಂತ ಐದು ಪಟ್ಟು ಹೆಚ್ಚು ಸತ್ತಿದ್ದಾರೆ. ಹೈಸ್ಕೂಲು ಮುಗಿಸದ ಬಿಳಿಯರಿಗಿಂತಲೂ ಹೆಚ್ಚು. ಹಾಗಾದರೆ ಅವರ ಮೈಯಲ್ಲೇ ಏನೋ ಇರಬೇಕು ಅಂತೀರಾ? ಅದಕ್ಕೂ 1997ರಲ್ಲೇ ಮಕ್ಕಳ ಹುಟ್ಟುತೂಕದ ಮೇಲೆ ನಡೆದ ಒಂದು ಅಧ್ಯಯನ ಸುಳಿವು ಕೊಟ್ಟಿದೆ. ಆಫ್ರಿಕಾದಲ್ಲಿ ಹುಟ್ಟಿ ಅಮೆರಿಕದ ಇಲಿನಾಯ್ ರಾಜ್ಯಕ್ಕೆ ಬಂದು ಹೆತ್ತ ಕಪ್ಪು ತಾಯಂದಿರ ಮಕ್ಕಳ ತೂಕ ಬಿಳಿಯರ ಮಕ್ಕಳ ತೂಕಕ್ಕೇ ಹತ್ತಿರ ಇತ್ತು. ಅಮೆರಿಕದಲ್ಲೇ ಹುಟ್ಟಿ ಬೆಳೆದ ಕಪ್ಪು ತಾಯಂದಿರ ಮಕ್ಕಳದ್ದು ಕಡಿಮೆ ಇತ್ತು. ಅಂದಮೇಲೆ ತೊಂದರೆ ರಕ್ತದಲ್ಲಿಲ್ಲ. ಇಲ್ಲಿ ಬದುಕಬೇಕಾದ ರೀತಿಯಲ್ಲಿದೆ.

ಶಾಲನ್ ಇರ್ವಿಂಗ್ ಅವರ ಕಥೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಅವರು ಪಿಎಚ್‌ಡಿ ಮಾಡಿದವರು. ಇದೇ ಅಟ್ಲಾಂಟಾದ ಸಿಡಿಸಿಯಲ್ಲಿ, ಅಂದರೆ ರೋಗ ನಿಯಂತ್ರಣದ ಕೇಂದ್ರ ಸಂಸ್ಥೆಯಲ್ಲಿ ಕೆಲಸ. ಆರೋಗ್ಯದಲ್ಲಿ ಯಾಕೆ ಇಷ್ಟು ತಾರತಮ್ಯ ಅನ್ನುವುದೇ ಅವರ ವಿಷಯ. 2017ರ ಜನವರಿಯಲ್ಲಿ ಹೆಣ್ಣುಮಗು ಹೆತ್ತರು. ಆಮೇಲೆ ಬಿಪಿ ಏರಿತು, ಕಾಲು ಊದಿತು, ಮತ್ತೆ ಮತ್ತೆ ಡಾಕ್ಟರ ಹತ್ತಿರ ಹೋದರು. ಕೊನೇ ಸಲ ಬಿಪಿ ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸಿದರು. ಅವತ್ತೇ ಕುಸಿದುಬಿದ್ದರು, ಮತ್ತೆ ಏಳಲಿಲ್ಲ. ಮಗುವಿಗೆ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ. ಈಗ ಅವರ ತಾಯಿ ವಾಂಡಾ ಇರ್ವಿಂಗ್ ಮಗಳ ಹೆಸರಿನಲ್ಲೇ ಸಂಸ್ಥೆ ಕಟ್ಟಿ ಇದೇ ಹೋರಾಟ ಮಾಡುತ್ತಿದ್ದಾರೆ.

ಅದೇ ವರ್ಷ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್‌ಗೂ ಸಿಸೇರಿಯನ್ ಆದ ಮರುದಿನ ಉಸಿರು ಕಟ್ಟಿತು. ಹಿಂದೆಯೇ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದ ಏನಾಗುತ್ತಿದೆ ಅಂತ ಅವರಿಗೆ ಗೊತ್ತಾಯಿತು. ಸಿಟಿ ಸ್ಕ್ಯಾನ್ ಮಾಡಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡಿ ಅಂತ ಅವರೇ ಹೇಳಿದರು. ನೋವಿನ ಔಷಧಿಗೆ ಏನೇನೋ ಮಾತಾಡುತ್ತಿದ್ದಾರೆ ಅಂದುಕೊಂಡರು ನರ್ಸ್. ಮೊದಲು ಕಾಲಿಗೆ ಅಲ್ಟ್ರಾಸೌಂಡ್ ಮಾಡಿದರು, ಏನೂ ಸಿಗಲಿಲ್ಲ. ಕೊನೆಗೆ ಸಿಟಿ ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪುಗಳು ಕಂಡವು. ಅಷ್ಟು ದೊಡ್ಡ ಆಟಗಾರ್ತಿ ತನ್ನ ಮೈ ಬಗ್ಗೆ ಹೇಳಿದ್ದನ್ನೇ ನಂಬದಿದ್ದರೆ ದಿನಗೂಲಿಯ ಹೆಂಗಸಿನ ಮಾತನ್ನು ಯಾರು ನಂಬುತ್ತಾರೆ, ಹೇಳಿ?

ಇನ್ನು ಸಂಭ್ರಮದ ಮಾತು. ಇದು ಸ್ವಲ್ಪ ಹಿಂದಕ್ಕೆ ಹೋಗುತ್ತದೆ. 1662ರಲ್ಲಿ ವರ್ಜೀನಿಯಾದಲ್ಲಿ ಒಂದು ಕಾನೂನು ಬಂತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಅಪ್ಪ ಯಾರಾದರೂ ಸರಿ, ಮನೆಯ ಯಜಮಾನನೇ ಆದರೂ ಸರಿ. ಹೆತ್ತ ಮಗು ಯಜಮಾನನ ಆಸ್ತಿ, ಬೇಕೆಂದಾಗ ಮಾರಬಹುದು. ತನ್ನ ಕೂಸು ಅಳುತ್ತಿದ್ದರೂ ಯಜಮಾನತಿಯ ಕೂಸಿಗೆ ಮೊದಲು ಎದೆಹಾಲು ಕೊಡಬೇಕಾದ ಹೆಂಗಸರು ಎಷ್ಟೋ ಜನ. ಕಪ್ಪು ತಾಯಂದಿರು 2013ರಿಂದ ಆಗಸ್ಟ್ ಕೊನೆಯಲ್ಲಿ ಎದೆಹಾಲಿಗೆ ಅಂತಲೇ ಇನ್ನೊಂದು ವಾರ ಆಚರಿಸುವುದರ ಹಿಂದೆ ಈ ನೋವೂ ಇದೆ. ಗುಲಾಮಗಿರಿ ಹೋದ ಮೇಲೂ ದಕ್ಷಿಣದ ರಾಜ್ಯಗಳಲ್ಲಿ ಎಷ್ಟೋ ಹೆರಿಗೆ ಮಾಡಿಸಿದ್ದು ಕಪ್ಪು ಸೂಲಗಿತ್ತಿಯರು. ನಮ್ಮ ಜಾರ್ಜಿಯಾ ರಾಜ್ಯದ ಆಲ್ಬನಿಯಲ್ಲಿ ಮೇರಿ ಕೋಲಿ ಒಬ್ಬರೇ 3,000ಕ್ಕೂ ಹೆಚ್ಚು ಮಕ್ಕಳನ್ನು ಈ ಲೋಕಕ್ಕೆ ತಂದರು. ಆಮೇಲೆ ಲೈಸೆನ್ಸು, ನಿಯಮ ಅಂತ ಹೇಳಿ ಅಂಥವರನ್ನು ಮೆಲ್ಲಗೆ ಬದಿಗೆ ಸರಿಸಿದರು.

ಮಗುವನ್ನು ನನ್ನದು ಅನ್ನುವ ಹಕ್ಕೇ ಇಲ್ಲದಿದ್ದವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತು ಮಗುವನ್ನು ಎತ್ತಿಕೊಂಡು ಪಾರ್ಕಿನಲ್ಲಿ ಕುಣಿದರೆ, ಅದು ದುಃಖ ಮರೆತು ಕುಣಿದಿದ್ದಲ್ಲ. ನಮ್ಮನ್ನು ಬರೀ ಸಾವಿನ ಲೆಕ್ಕದಲ್ಲಿ ನೋಡಬೇಡಿ, ನಾವು ಬದುಕಿ ಮಕ್ಕಳನ್ನು ಬೆಳೆಸುವವರು ಅಂತ ಹೇಳುವುದು. ನಾನು ಹೋಗಿದ್ದ ಕಾರ್ಯಕ್ರಮದಲ್ಲಿ ಹಾಡು, ಊಟ, ಅಜ್ಜಿಯರ ನಗು ಎಲ್ಲಾ ಇತ್ತು. ಒಂದು ಮೂಲೆಯಲ್ಲಿ ಒಬ್ಬ ಡೂಲಾ, ಅಂದರೆ ಬಸುರಿ, ಬಾಣಂತಿಯರಿಗೆ ಜೊತೆಯಾಗಿ ನಿಲ್ಲುವವಳು, ಹುಲ್ಲಿನ ಮೇಲೆ ಮೊಣಕಾಲೂರಿ ತುಂಬು ಬಸುರಿಯೊಬ್ಬಳ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದಳು. ಬಂದ ನಂಬರನ್ನು ಚೀಟಿಯಲ್ಲಿ ಬರೆದು ಅವಳ ಕೈಗೆ ಕೊಟ್ಟಳು. "140ರ ಮೇಲೆ 90 ದಾಟಿದರೆ ಫೋನ್ ಮಾಡು. ಜೊತೆಗೆ ತಲೆನೋವು, ಕಣ್ಣು ಮಂಜು ಇದ್ದರೆ ಸೀದಾ ಆಸ್ಪತ್ರೆಗೆ ಹೋಗು. ಸುಮ್ನೆ ವಾಪಸ್ ಬರಬೇಡ" ಅಂದಳು. ಹಿಂದೆ ಸ್ಪೀಕರಿನಲ್ಲಿ ಹಾಡು ನಡೆದೇ ಇತ್ತು.

ನನ್ನ ಬಾಣಂತನಕ್ಕೆ ಅಮ್ಮ ಊರಿಂದ ಬಂದಿದ್ದರು. ಎಣ್ಣೆನೀರು, ಬಿಸಿ ಊಟ, ರಾತ್ರಿ ಮಗು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ. ಅದೇ ಸಮಯದಲ್ಲಿ ಹೆತ್ತ ನನ್ನ ಕಪ್ಪು ಗೆಳತಿ ಆರನೇ ವಾರಕ್ಕೇ ಕೆಲಸಕ್ಕೆ ಹೋದಳು. ಇಲ್ಲಿ ಕೇಂದ್ರದ ಕಾನೂನು ಕೊಡುವುದು 12 ವಾರದ ಸಂಬಳವಿಲ್ಲದ ರಜೆ ಮಾತ್ರ, ಅದೂ ಎಲ್ಲರಿಗೂ ಸಿಗುವುದಿಲ್ಲ. ಇಲ್ಲಿ ಬಸಿರು, ಹೆರಿಗೆಗೆ ಸಂಬಂಧಿಸಿದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆಯಾಗಿ ಒಂದು ವಾರದ ನಂತರ, ವರ್ಷದ ಒಳಗೆ ಆಗುತ್ತವೆ. ಹತ್ತರಲ್ಲಿ ಎಂಟನ್ನು ತಡೆಯಬಹುದಿತ್ತು ಅಂತ ಸಿಡಿಸಿಯೇ ಹೇಳಿದೆ. ಜಾರ್ಜಿಯಾದಲ್ಲಿ ಬಡ ಬಾಣಂತಿಯರಿಗೆ ಮೆಡಿಕೇಯ್ಡ್ ಅನ್ನುವ ಸರ್ಕಾರಿ ಆರೋಗ್ಯ ವಿಮೆ ಇಡೀ ವರ್ಷಕ್ಕೆ ಸಿಕ್ಕಿದ್ದು 2022ರ ಕೊನೆಯಲ್ಲಿ.

ಆಫೀಸಿನಲ್ಲಿ ಈ ವಾರದ ಕಾರ್ಯಕ್ರಮ ಇದೆ ಅಂದಿರಲ್ಲ, ದಯವಿಟ್ಟು ಹೋಗಿ. ಯಾರಾದರೂ ತಮ್ಮ ಹೆರಿಗೆಯ ಕಥೆ ಹೇಳಿದರೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿ. ಹಣ ಕೊಡುವ ಮನಸ್ಸಿದ್ದರೆ ನಿಮ್ಮ ಊರಿನ ಕಪ್ಪು ಡೂಲಾಗಳ ಗುಂಪಿಗೆ ಕೊಡಿ. ಮನೆಮನೆಗೆ ಬಿಪಿ ಮೆಷಿನ್ ಹಂಚುವವರಿದ್ದರೆ ಮೊದಲು ಅವರಿಗೆ ಕೊಡಿ.