ಪಿಂಗ್ ಚೆನ್ನಾಗಿದೆ, ಮೀಟಿಂಗಲ್ಲಿ ದನಿ ಮಾತ್ರ ತುಂಡಾಗುತ್ತೆ. ದುಡ್ಡು ಕೊಟ್ಟು ಯಾವ ಟೂಲ್ ತಗೊಳ್ಳಲಿ?

ಐದು ನಿಮಿಷಕ್ಕೊಮ್ಮೆ ಪಿಂಗ್ (ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಗುತ್ತೆ ಅಂತ ಅಳೆಯುವುದು), ಸರಾಸರಿ 14 ಮಿಲಿಸೆಕೆಂಡ್, ಲಾಸ್ ಅಂದರೆ ಕಳೆದುಹೋದ ಪ್ಯಾಕೆಟ್ ಸೊನ್ನೆ, ಆದರೂ ಪುಣೆಯ ಮನೆಯಲ್ಲಿ ದನಿ ಒಡೆಯುತ್ತೆ ಅಂದಿದ್ದೀರಿ. ಇದೇ ಹೊಂಡಕ್ಕೆ ನಾನು ಮುಂಬೈಯಲ್ಲಿ ಬಿದ್ದಿದ್ದೆ.

ಚೆಂಬೂರಿನಲ್ಲಿ ನಮ್ಮೂರ ಕಡೆಯ ಶೆಟ್ಟರೊಬ್ಬರ ಹೋಟೆಲಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಕೇಟರಿಂಗ್ ಆರ್ಡರೆಲ್ಲ ಇಂಟರ್ನೆಟ್ ಫೋನಿನಲ್ಲೇ. "ನಾವು ಮಾತಾಡಿದ್ದು ಆಚೆಯವರಿಗೆ ಅರ್ಧವೇ ಕೇಳುವುದು ಮಾರಾಯ" ಅಂದರು. ನಾನು ಪಿಂಗಿನ ಗ್ರಾಫ್ ತೋರಿಸಿ, "ಲೈನ್ ಸರಿ ಇದೆ ಶೆಟ್ರೇ, ಫೋನ್ ಬದಲಿಸಿ" ಅಂದೆ. ಫೋನ್ ಬದಲಾಯಿತು, ರೂಟರೂ ಬದಲಾಯಿತು. ದೂರು ನಿಲ್ಲಲಿಲ್ಲ.

ತಪ್ಪು ಇದ್ದದ್ದು ಪಿಂಗ್ ಬಿಡುವ ನನ್ನ ಸ್ಕ್ರಿಪ್ಟಿನ ಒಂದೇ ಸಾಲಿನಲ್ಲಿ. ಕ್ರಾನ್‌ಗೆ (ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂ) ಹಚ್ಚಿದ ಕೆಲಸಗಳೆಲ್ಲ ನಿಮಿಷ ಬದಲಾದ ಕೂಡಲೇ ಏಳುತ್ತವೆ. ಆ ಗದ್ದಲ ನನ್ನ ಅಳತೆಗೆ ತಾಗದಿರಲಿ ಅಂತ 'ಸ್ಲೀಪ್ 30', ಅಂದರೆ 30 ಸೆಕೆಂಡ್ ಕಾದು ಹೊರಡು, ಅಂತ ಹಾಕಿದ್ದೆ. ಪ್ರತಿ ನಿಮಿಷದ ಮೂವತ್ತನೇ ಸೆಕೆಂಡಿಗೆ ನಾಲ್ಕು ಪ್ಯಾಕೆಟ್ ಹೋಗಿ ಬರುತ್ತಿದ್ದವು, ಆಗ ಲೈನ್ ಖಾಲಿ. ಕ್ಯಾಮೆರಾ ಕಂಪ್ಯೂಟರ್ ಮಾತ್ರ ನಿಮಿಷ ಬದಲಾದ ತಕ್ಷಣ ಹಿಂದಿನ ನಿಮಿಷದ ವಿಡಿಯೊವನ್ನು ಇನ್ನೊಂದು ಬ್ರಾಂಚಿಗೆ ಕಳಿಸುತ್ತಿತ್ತು. ಹತ್ತು ಹನ್ನೆರಡು ಸೆಕೆಂಡ್ ಅಪ್‌ಲೋಡ್ ಭರ್ತಿ. ದನಿಯ ಪ್ಯಾಕೆಟ್‌ಗಳು ರೂಟರಿನ ಕ್ಯೂನಲ್ಲಿ ನಿಂತೇ ಇರುತ್ತಿದ್ದವು. ಶೆಟ್ಟರ ಮಾತು ಯಾವ ಗದ್ದಲದಲ್ಲಿ ಮುಳುಗುತ್ತಿತ್ತೋ ಅದನ್ನೇ ನಾನು ಬೇಕೆಂದು ಹೊರಗಿಟ್ಟಿದ್ದೆ. ದಿನಕ್ಕೆ 1440 ಸಲ ಅಳೆದೆ, 1440 ಸಲವೂ ಅದು ಕಣ್ಣಿಗೆ ಬೀಳಲಿಲ್ಲ.

ಕೊನೆಗೊಂದು ಮಧ್ಯಾಹ್ನ ಗಲ್ಲಾದ ಪಕ್ಕ ಕೂತು ಸೆಕೆಂಡಿಗೆ ಐದರಂತೆ ಪಿಂಗ್ ಬಿಟ್ಟೆ. 12, 11, 12 ಮಿಲಿಸೆಕೆಂಡ್. ಗಡಿಯಾರದ ಸೆಕೆಂಡ್ ಸೊನ್ನೆಗೆ ಬಂದದ್ದೇ ತಡ 340, 410, ಆಮೇಲೆ ಉತ್ತರವೇ ಇಲ್ಲ. ಆ ತಿಂಗಳೇ ಶೆಟ್ಟರು ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದರು. ಎರಡು ತಿಂಗಳು ಅವರ ಕಿವಿಯನ್ನು ನಂಬದೆ ನನ್ನ ಗ್ರಾಫನ್ನು ನಂಬಿದ್ದೆನಲ್ಲ, ಅವರದೇನೂ ತಪ್ಪಿಲ್ಲ.

ಹಾಗಾಗಿ ಯಾವ ಟೂಲ್ ಅನ್ನುವ ಪ್ರಶ್ನೆಯನ್ನೇ ಬಿಡಿ. ಪಿಂಗ್ 1983ರದ್ದು, ನಿಮ್ಮ ಕೆಲಸಕ್ಕೆ ಇವತ್ತಿಗೂ ಸಾಕು. ಪ್ಯಾಕೆಟ್ ಯಾವಾಗ ಹೊರಡುತ್ತೆ ಅನ್ನುವುದನ್ನು ನೋಡಿ. ಐದು ನಿಮಿಷಕ್ಕೊಮ್ಮೆ ಅನ್ನುವುದು ತೀರಾ ವಿರಳ, ಸಮ ಅಂತರವಂತೂ ಬೇಡವೇ ಬೇಡ. ನಡುವಿನ ಬಿಡುವು ರ್‍ಯಾಂಡಮ್ ಆಗಿರಲಿ. 1998ರ ಆರ್‌ಎಫ್‌ಸಿ 2330 (ಇಂಟರ್ನೆಟ್ ತಂತ್ರಜ್ಞರ ಒಂದು ದಾಖಲೆ) ಪಾಯ್ಸನ್ ಸ್ಯಾಂಪ್ಲಿಂಗ್, ಅಂದರೆ ಹೀಗೆ ಅಂದಾಜಿಗೆ ಸಿಗದ ಬಿಡುವಿನಲ್ಲಿ ಅಳತೆ, ಮಾಡಿ ಅನ್ನುವುದು ಇದಕ್ಕೇ. ಸರಾಸರಿ ನೋಡಬೇಡಿ, ನೂರರಲ್ಲಿ ಅತಿ ತಡವಾಗಿ ಬಂದ ಒಂದೆರಡನ್ನು ನೋಡಿ. ಟ್ರೇಸ್‌ರೂಟ್‌ನಲ್ಲಿ (ಪ್ಯಾಕೆಟ್ ದಾಟುವ ರೂಟರುಗಳನ್ನು ಸಾಲಾಗಿ ತೋರಿಸುವ ಟೂಲ್) ನಡುವೆ ನಕ್ಷತ್ರ, ಅಂದರೆ ಉತ್ತರ ಬರಲಿಲ್ಲ ಅನ್ನುವ ಗುರುತು, ಕಂಡರೆ ಗಾಬರಿ ಬೇಡ, ಎಷ್ಟೋ ರೂಟರುಗಳು ಇಂಥ ಪ್ಯಾಕೆಟ್‌ಗೆ ಉತ್ತರಿಸುವುದನ್ನೇ ಮಿತಿಯಲ್ಲಿಟ್ಟಿರುತ್ತವೆ.

ನಾಳೆ ಮೀಟಿಂಗ್ ನಡೆಯುವಾಗಲೇ ಒಂದು ವಿಂಡೊದಲ್ಲಿ ಮನೆಯ ರೂಟರಿಗೆ, ಇನ್ನೊಂದರಲ್ಲಿ ಹೊರಗಿನ ಸರ್ವರಿಗೆ ಪಿಂಗ್ ಬಿಡಿ, ದನಿ ಒಡೆದ ಹೊತ್ತನ್ನು ಸೆಕೆಂಡ್ ಸಮೇತ ಬರೆದಿಡಿ. ಆ ಹೊತ್ತಿಗೆ ಮೊದಲನೆಯ ವಿಂಡೊದ ಅಂಕಿಯೇ ಜಿಗಿದರೆ ತೊಂದರೆ ನಿಮ್ಮ ವೈಫೈಯಲ್ಲಿದೆ.